ಒಂಬತ್ತು ಮೀಟರ್ ಕಪ್ಪು

ರಾಜಕುಮಾರನಿಗೆ ಎರಡೂಕಾಲು ಮೀಟರ್ ಸಾಕಾಯಿತು,
ಅದೂ ಪಾಲಿಸ್ಟರ್, ತಿಳಿನೀಲಿ.
ಮಸಿರಾಯನಿಗೆ ಮಾತ್ರ ಒಂಬತ್ತು ಮೀಟರ್ ಕಪ್ಪು ಸ್ಯಾಟಿನ್,
ಒಳಗೆ ಕೆಂಪು ಲೈನಿಂಗ್, ಅಂಚಿಗೆ ಜರಿ,
ಹೆಗಲ ಮೇಲೆ ಹದ್ದಿನ ರೆಕ್ಕೆಯಂತೆ ಎದ್ದು ನಿಲ್ಲುವ ಬಕ್ರಂ.
ನಲವತ್ತು ವರ್ಷ ಗಾಂಧಿ ಬಜಾರಿನ ಈ ಓಣಿಯಲ್ಲಿ
ಮದುವೆ ರವಿಕೆ, ಶಾಲೆ ಚಡ್ಡಿ, ಪೊಲೀಸರ ಖಾಕಿ ಹೊಲಿದ ಕೈ.
ಸುಳ್ಳು ಯಾಕೆ, ಇಷ್ಟು ಆಸೆಪಟ್ಟು
ಯಾವುದನ್ನೂ ಹೊಲಿದಿರಲಿಲ್ಲ.

ಹಾಕಿಕೊಳ್ಳುವವನು ಪರಮೇಶಿ, ಹೊಸನಗರದ ಕಡೆಯವನು,
ಅಳತೆ ಕೊಡುವಾಗಲೂ ಕೈಕಟ್ಟಿ ನಿಲ್ಲುವ ಪ್ರಾಣಿ.
ಹೊಗೆ ಬಿಟ್ಟರೆ ಉಬ್ಬಸ.
"ಎಡಗಡೆ ಒಳಗೊಂದು ಜೇಬಿಡಿ, ಪಂಪ್ ಇಟ್ಕೊಳಕ್ಕೆ.
ಹೊರಗೆ ಕಾಣಬಾರದು" ಅಂದ.
ಕಾಣದ ಹಾಗೇ ಇಟ್ಟೆ.

ಸಾಗರ ರಸ್ತೆಯ ಹೊಸ ಪಾರ್ಕಿನಲ್ಲಿ
ಜಾರುಬಂಡೆ, ನೀರಿನ ಕೊಳ ದಾಟಿದರೆ ತಗಡಿನ ಸಭಾಂಗಣ.
ದೀಪ ಆರಿತು. ಡ್ರಮ್ಮು.
ನನ್ನ ಒಂಬತ್ತು ಮೀಟರು ಗಾಳಿಗೆ ಬಿಚ್ಚಿಕೊಂಡಾಗ
ನಾನೇ ಎದ್ದು ನಿಂತಿದ್ದೆ, ನಾಚಿಕೆಯಿಲ್ಲದೆ.
"ನನ್ನ ದಂಡಿಗೆ ಯಾರು ಯಾರು ಬರ್ತೀರಿ?"
ಐಸ್‌ಕ್ಯಾಂಡಿ ಅಂಟಿದ ನೂರು ಪುಟ್ಟ ಕೈ ಮೇಲೆ.
ಮೊಮ್ಮಗಳು ಶಾರ್ವರಿ, ನಾಲ್ಕು ತುಂಬಿ ಎರಡು ತಿಂಗಳು,
ನನ್ನ ಅಂಗಿಯೊಳಗೆ ಮುಖ ಹುದುಗಿಸಿದ್ದವಳು
ಬೆರಳ ಸಂದಿಯಲ್ಲಿ ನೋಡಿ, ನೋಡಿ,
ಕೊನೆಗೆ ತಾನೂ ಎತ್ತಿದಳು.
ರಾಜಕುಮಾರ ಬರುವಷ್ಟರಲ್ಲಿ
ಅರ್ಧ ಜನ ಪಾಪ್‌ಕಾರ್ನಿಗೆ ಹೋಗಿದ್ದರು.

ನಾನೂ ಕಂಡವನೇ ರಕ್ಕಸನನ್ನು,
ಆರನೇ ವಯಸ್ಸಿಗೆ, ತೀರ್ಥಹಳ್ಳಿ ಕಡೆ ಅತ್ತೆಯೂರಿನ ಕೊಯ್ದ ಗದ್ದೆಯಲ್ಲಿ.
ರಾತ್ರಿ ಎರಡಕ್ಕೆ ಪಂಜಿನ ಹಿಂದಿನಿಂದ ಬಂದ ಕೂಗಿಗೆ
ಕೂತ ಚಾಪೆ ಒದ್ದೆ.
ಊರಿಗೆ ಊರೇ ಕಾದಿದ್ದು ಅವನಿಗೆ, ರಾಜನಿಗಲ್ಲ.
ಮೆರೆಸುವುದು ಹೊಸತೇನಲ್ಲ, ಒಪ್ಪಿದೆ.
ಆದರೆ ಬೆಳ್ಳಿ ಮೂಡುವ ಹೊತ್ತಿಗೆ ಅವನು ಬೀಳುತ್ತಿದ್ದ.
ಸುಮ್ಮನೆ ಅಲ್ಲ, ಅರ್ಧ ಗಂಟೆ ಕುಣಿದು,
ಏದುಸಿರು ಬಿಟ್ಟು, ಧೂಳೆಬ್ಬಿಸಿ ಬೀಳುತ್ತಿದ್ದ.
ಆಮೇಲೆ ಚೌಕಿಯಲ್ಲಿ ಕೊಬ್ಬರಿ ಎಣ್ಣೆ ಹಚ್ಚಿ
ಬಣ್ಣ ಉಜ್ಜುತ್ತ, "ಏನಾ ಮರಿ, ಹೆದರಿದ್ಯಾ?" ಅಂದಿದ್ದ.
ಅರ್ಧ ಮುಖ ರಕ್ಕಸ, ಅರ್ಧ ಯಾರದೋ ಅಪ್ಪ.

ಇಲ್ಲಿ ಬೀಳುವುದೇ ಇಲ್ಲ.
ಮ್ಯಾನೇಜರ್ ದೀಕ್ಷಿತ್ ಹೇಳಿದರು: "ಮೊದಲು ಇತ್ತು, ಸೋಲೋ ಸೀನು.
ಸಣ್ಣ ಮಕ್ಕಳು ಅಳ್ತಾವೆ ಅಂತ ದೂರು ಬಂತು, ತೆಗೆದ್ವಿ.
ಈಗ ಕೊನೇಲಿ ಎಲ್ಲರ ಜೊತೆ ಫೋಟೋ.
ಪುಟಾಣಿ ಸೈಜಿನ ಮೇಲಂಗಿ ಇನ್ನೂರು ಬೇಕು, ಅಂಗಡೀಲಿ ಇಡಕ್ಕೆ."
ಮಕ್ಕಳು ಅಳಬಾರದೆಂದು
ಗೆದ್ದುಬಿಟ್ಟ ಮಸಿರಾಯ, ದಿನಕ್ಕೆ ಮೂರು ಸಲ,
ಭಾನುವಾರ ಐದು.

ಮನೆಯಲ್ಲಿ ಶಾರ್ವರಿ ಸ್ಯಾಟಿನ್ ಚೂರು ಕೊರಳಿಗೆ ಕಟ್ಟಿ
"ಮಂಡಿಯೂರು" ಅಂದಳು ತಮ್ಮನಿಗೆ.
ನಗುತ್ತ ಊರಿದ.
ನಗು ನಿಂತ ಮೇಲೂ ಊರಿಕೊಂಡೇ ಇದ್ದ.
"ಆಟ ಅಲ್ವಾ ಮಾವ" ಅಂದಳು ಸೊಸೆ.
ಆಟವೇ. ಮಿಷನ್ ತುಳಿಯುವ ನನ್ನ ಕಾಲು ಮಾತ್ರ ನಿಂತಿತ್ತು.

ಮೊನ್ನೆ ಜರಿ ಕಿತ್ತ ಮೇಲಂಗಿ ದುರಸ್ತಿಗೆ ಬಂತು.
ತಡಕಾಡಿ ಜೇಬು ಪತ್ತೆ ಹಚ್ಚಿದ್ದು ಅವಳೇ.
ಒಳಗೆ ನೀಲಿ ಪಂಪು, ಪರಮೇಶಿ ಮರೆತದ್ದು.
"ಇದೇನು ತಾತ?"
"ಅವನಿಗೆ ಉಸಿರು ಕಟ್ಟುತ್ತೆ ಕೂಸೇ."
"ಮಸಿರಾಯನಿಗಾ?"
ಸ್ವಲ್ಪ ಹೊತ್ತು ಪಂಪನ್ನೇ ನೋಡಿದಳು.
"ಹಂಗಾದ್ರೆ ಈಗ್ಲೇ ಕೊಟ್ಟು ಬಾ."
ಸ್ಕೂಟರ್ ತೆಗೆದೆ.

ಇನ್ನೂರು ಮೇಲಂಗಿಯ ಥಾನು ಮೂಲೆಯಲ್ಲಿದೆ.
ಕತ್ತರಿ ಹಾಕಿಲ್ಲ. ಹಾಕುವುದಿಲ್ಲ ಎಂದೂ ಹೇಳಿಲ್ಲ,
ಅಡ್ವಾನ್ಸು ಖರ್ಚಾಗಿದೆ.
ಇವತ್ತು ಸಂಜೆ ತಮ್ಮನ ಕೈಗೆ ನನ್ನ ಮರದ ಸ್ಕೇಲು ಕೊಟ್ಟು
"ಹೊಡಿ" ಅಂದಳು. ಮೆಲ್ಲಗೆ ಮುಟ್ಟಿಸಿದ.
ಬಟ್ಟೆಚೂರಿನ ರಾಶಿಯ ಮೇಲೆ ಬಿದ್ದಳು, ಕೈಕಾಲು ಚೆಲ್ಲಿ,
ಏಳಲೇ ಇಲ್ಲ.
"ಅಕ್ಕಾ," ಅವನ ತುಟಿ ಅದುರಿತು, "ಏಳೇ."
ಒಂದು ಕಣ್ಣು ತೆರೆದು ಹೇಳಿದಳು:
"ಮೊದ್ಲು ಅಳು. ಆಮೇಲೆ ಏಳ್ತೀನಿ."